ಗ್ರೂಪಾ, ಕ್ರೌಡಾ, ಮಾಬಾ? ನಾನು ಆರಿಸುವ ರೀತಿ

"ಗುಂಪು ಅಂತ ಕಂಡಲ್ಲೆಲ್ಲ ಗ್ರೂಪ್ ಹಾಕಿಬಿಡಿ, ಯಾರೂ ಕೇಳಲ್ಲ." ನನಗೆ ಕನ್ನಡದಿಂದ ಇಂಗ್ಲಿಷಿಗೆ ಅನುವಾದದ ಕೆಲಸ ಕೊಡುತ್ತಿದ್ದ ಏಜೆನ್ಸಿಯವರ ಮಾತು ಇದು. ನಾನು ಒಪ್ಪಲಿಲ್ಲ. ಸರಿಯಾದ ಪದ ಆರಿಸಲು ನಾನು ಕೇಳಿಕೊಳ್ಳುವ ಪ್ರಶ್ನೆಗಳನ್ನು ಈಗ ಅವರೇ ಹೊಸಬರಿಗೆ ಕಳಿಸುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಕ್ಸೆಲ್‌ನಲ್ಲಿ ಗ್ಲಾಸರಿ ಮಾಡಿದ್ದೆ. ಒಂದು ಕನ್ನಡ ಪದಕ್ಕೆ ಒಂದು ಇಂಗ್ಲಿಷ್ ಪದ, ಸುಮಾರು ಇನ್ನೂರು ಸಾಲು. 'ಮಂಡಳಿ' ಎದುರು ಬೋರ್ಡ್ ಅಂತ ಇತ್ತು. ವಿದ್ಯುತ್ ಮಂಡಳಿಗೆ ಸರಿ, ಭಜನಾ ಮಂಡಳಿಗೆ? ಅಲ್ಲಿಗೆ ಗ್ಲಾಸರಿ ಮೂಲೆ ಸೇರಿತು. ಆಮೇಲೆ ಎರಡು ಮೂರು ಸಾವಿರ ಕೊಟ್ಟು ಆನ್‌ಲೈನ್ ಥೆಸಾರಸ್ ಹಿಡಿದೆ. ಅದು ಒಂದೇ ಅರ್ಥದ ಪದಗಳನ್ನು ಸಾಲಾಗಿ ಕೊಡುತ್ತದೆ, ಯಾವುದು ಎಲ್ಲಿಗೆ ಅಂತ ಹೇಳುವುದಿಲ್ಲ. ಕಾರ್ಪಸ್‌ನಲ್ಲೂ, ಅಂದರೆ ಪದಗಳ ಬಳಕೆ ಹುಡುಕಲು ಕೂಡಿಟ್ಟ ಬರಹಗಳ ಸಂಗ್ರಹದಲ್ಲೂ, ಹುಡುಕಿದೆ. ಅಮೆರಿಕದ ಪತ್ರಿಕೆಗಳ ರಾಶಿಯಲ್ಲಿ ನಮ್ಮ ಯಕ್ಷಗಾನ ಮೇಳ ಎಲ್ಲಿ ಸಿಗಬೇಕು? ಆಗ ರೇಟು ಪದಕ್ಕೆ ಒಂದೂವರೆ ರೂಪಾಯಿ ಆಸುಪಾಸು. ಒಂದು ಪದಕ್ಕೆ ಅರ್ಧ ಗಂಟೆ ಹೋದರೆ ದಿನದ ಕೂಲಿಯೂ ಹುಟ್ಟುವುದಿಲ್ಲ.

ಈಗ ಡಿಕ್ಷನರಿ ತೆಗೆಯುವ ಮುಂಚೆಯೇ ಕೇಳಿಕೊಳ್ಳುತ್ತೇನೆ: ಒಬ್ಬ ಎದ್ದು ಹೋದರೆ ಕೆಲಸ ನಿಲ್ಲುತ್ತದಾ? ನಿಲ್ಲುವುದಾದರೆ ಟೀಮ್, ಕ್ರೂ, ಟ್ರೂಪ್ ಕಡೆ ಹೋಗುತ್ತೇನೆ. ವಿಮಾನ, ಹಡಗು, ಶೂಟಿಂಗ್ ಅಂದರೆ ಕ್ರೂ. ಮೇಳ ಅಂದರೆ ಟ್ರೂಪ್. ಇದರ ಸ್ಪೆಲಿಂಗ್ ಟಿ-ಆರ್-ಒ-ಯು-ಪಿ-ಇ. ಎರಡು ಒ ಹಾಕಿದರೆ ಸೈನ್ಯದ ತುಕಡಿ ಬಂದು ನಿಲ್ಲುತ್ತದೆ! ಹಿಮ್ಮೇಳಕ್ಕೆ ಆರ್ಕೆಸ್ಟ್ರಾ ಹಾಕಿ ನೋಡಿದೆ. ನಮ್ಮೂರುಗಳಲ್ಲಿ ಆರ್ಕೆಸ್ಟ್ರಾ ಅಂದರೆ ಸಿನಿಮಾ ಹಾಡಿನ ಕಾರ್ಯಕ್ರಮ, ಅದಕ್ಕೇ ಬಿಟ್ಟೆ. ಈಗ ಹಿಮ್ಮೇಳ ಅಂತಲೇ ಇಟ್ಟು, ಭಾಗವತ, ಮದ್ದಳೆ, ಚೆಂಡೆ ಅಂತ ಒಂದು ಸಾಲು ಬಿಡಿಸಿ ಬರೆಯುತ್ತೇನೆ.

ಎರಡನೆಯದು, ಏನು ಮಾಡಲು ಸೇರಿದ್ದಾರೆ? ಭಾಷಣ, ಸಂಗೀತಕ್ಕೆ ಆಡಿಯನ್ಸ್. ಕ್ರಿಕೆಟ್ ಮೈದಾನದಲ್ಲಿ ಸ್ಪೆಕ್ಟೇಟರ್ಸ್. ಚರ್ಚಿನ ಪ್ರಾರ್ಥನೆಗೆ ಕಾಂಗ್ರಿಗೇಷನ್. ಜಾತ್ರೆಗೆ ಬಂದವರನ್ನು ಮಾತ್ರ ನಾನು ಡಿವೋಟೀಸ್ ಅನ್ನುತ್ತೇನೆ.

ಮೂರನೆಯದೇ ನನ್ನ ಹೆಮ್ಮೆ: ಈ ಪದ ಯಾರ ಬಾಯಿಂದ ಬಂದದ್ದು? ಪೊಲೀಸ್ ದೂರಿನಲ್ಲಿ "ಗುಂಪು ಕಟ್ಟಿಕೊಂಡು ಬಂದು" ಅಂತ ಇರುತ್ತದೆ. ಅಲ್ಲಿ ಮಾಬ್, ಅಂದರೆ ದೊಂಬಿಯ ಗುಂಪು, ಅಂತ ಹಾಕಿದರೆ ಅನುವಾದಕನೇ ತೀರ್ಪು ಕೊಟ್ಟ ಹಾಗೆ. ಗ್ರೂಪ್ ಸಾಕು. 'ಅಕ್ರಮ ಕೂಟ' ಅಂತ ಬರೆದಿದ್ದರೆ ಮಾತ್ರ ಅನ್‌ಲಾಫುಲ್ ಅಸೆಂಬ್ಲಿ. ಅದಕ್ಕೆ ಕನಿಷ್ಠ 5 ಜನ ಬೇಕು. ಅದರ ಕಲಂ ಮೊದಲು ಐಪಿಸಿ (ಭಾರತೀಯ ದಂಡ ಸಂಹಿತೆ) 141, 2024ರ ಜುಲೈ 1ರಿಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 189. ಪತ್ರಿಕೆಗಳು ಮಾಬ್ ಲಿಂಚಿಂಗ್ ಅನ್ನುವ ಅಪರಾಧಕ್ಕೆ ಬಿಎನ್‌ಎಸ್ 103(2) ಬಳಸಿರುವ ಪದವೂ ಗ್ರೂಪ್ ಅಂತಲೇ. ಇದನ್ನು ತೋರಿಸಿದ ಮೇಲೆ ಒಬ್ಬ ವಕೀಲರು ತಮ್ಮ ಕೆಲಸವೆಲ್ಲ ನನಗೇ ಕೊಡತೊಡಗಿದರು. ರೇಟು ಹೆಚ್ಚುಕಮ್ಮಿ ಎರಡರಷ್ಟಾಯಿತು.

ಗ್ಯಾಂಗ್ ಅಂದರೆ ಬರೀ ಕಳ್ಳರಲ್ಲ. ರೈಲು ಹಳಿ ನೋಡಿಕೊಳ್ಳುತ್ತಿದ್ದವರು ಗ್ಯಾಂಗ್‌ಮನ್. ಬೆಳಗಾವಿ ಕಡೆ ಕಬ್ಬು ಕಟಾವಿಗೆ ಬರುವವರೂ ಗ್ಯಾಂಗೇ. ಗ್ಯಾಂಗ್ ಜೊತೆ ಕೆಲಸದ ಹೆಸರು ಸೇರಿಸಿ ಬರೆದರೆ ಯಾರಿಗೂ ಅವಮಾನ ಆಗುವುದಿಲ್ಲ.

ಸುಮ್ನೆ ಒಮ್ಮೆ ಯಂತ್ರಾನುವಾದಕ್ಕೂ ಇಂಥ ವಾಕ್ಯಗಳನ್ನು ಕೊಟ್ಟು ನೋಡಿದೆ. ಅರ್ಧದಷ್ಟು ಸರಿ ಬಂದವು, ಆದರೆ ಯಕ್ಷಗಾನ ಮೇಳ ಜಾತ್ರೆಯಾಗಿತ್ತು. ನನ್ನದು ಇನ್ನೊಂದು ಪ್ರಶ್ನೆಯೂ ಇದೆ, ಬಹುವಚನದ ತಕರಾರಿಗೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ.

ಜಾಸ್ತಿ ಎಚ್ಚರ ಬೇಕಾದದ್ದು ಜಾತಿಯ ವಿಷಯದಲ್ಲಿ. ಅರ್ಜಿಯಲ್ಲಿ 'ನಮ್ಮ ಜನಾಂಗದವರು' ಅಂತ ಇದ್ದರೆ ರೇಸ್ ಹಾಕಬೇಡಿ, ಕಮ್ಯುನಿಟಿ ಹಾಕಿ. 'ಪರಿಶಿಷ್ಟ ಪಂಗಡ' ಷೆಡ್ಯೂಲ್ಡ್ ಟ್ರೈಬ್ ಮಾತ್ರ. ಅದು ಸಂವಿಧಾನದ 342ನೇ ವಿಧಿಯ ಪದ, ನಮ್ಮ ಆಯ್ಕೆಗೆ ಅಲ್ಲಿ ಜಾಗವಿಲ್ಲ. 'ಒಳಪಂಗಡ' ಬಂದರೆ ಸೆಕ್ಟ್, ಸಬ್‌ಕಾಸ್ಟ್ ಅಂತ ನಾನೇ ತೀರ್ಮಾನ ಮಾಡುವುದಿಲ್ಲ. ಬರೆಸಿದ ಮನೆಯವರಿಗೇ ಫೋನ್ ಮಾಡಿ, ಇಂಗ್ಲಿಷಿನಲ್ಲಿ ನಿಮ್ಮನ್ನು ನೀವು ಏನಂತ ಬರೆದುಕೊಳ್ಳುತ್ತೀರಿ ಅಂತ ಕೇಳುತ್ತೇನೆ.