ಜಿಪಿಯು ಇಲ್ಲದೆ ಮೌಂಟನ್ ಕಾರ್ ಗುಡ್ಡ ಹತ್ತಿತು: ನನ್ನ ಅನುಭವ

ಮೌಂಟನ್ ಕಾರ್ ಎಂದರೆ ಪ್ರೋಗ್ರಾಂ ತಾನೇ ಮಾಡಿ ನೋಡಿ ಕಲಿಯಬೇಕಾದ ಒಂದು ಪರೀಕ್ಷಾ ಆಟ: ಕಣಿವೆಯಲ್ಲಿರುವ ಶಕ್ತಿ ಸಾಲದ ಕಾರು ಹಿಂದೆ ಮುಂದೆ ತೂಗಿ ಗುಡ್ಡದ ಮೇಲಿನ ಬಾವುಟ ಮುಟ್ಟಬೇಕು, ಪ್ರತಿ ಹೆಜ್ಜೆಗೂ -1 ಅಂಕ. ಇದಕ್ಕೆ ಡೀಪ್ ನೆಟ್‌ವರ್ಕ್ ಇಲ್ಲದೆ ಆಗುವುದಿಲ್ಲ, ಟೈಲ್ ಕೋಡಿಂಗ್ (ಕಾರಿನ ಜಾಗ ಮತ್ತು ವೇಗವನ್ನು ಒಂದರ ಮೇಲೊಂದು ಹಾಸಿದ ಚೌಕಜಾಲಗಳಾಗಿ ಹಂಚುವ ವಿಧಾನ) ಹಳೇ ಕಾಲದ್ದು ಎಂದವರೇ ಹೆಚ್ಚು. ಎಪ್ಸಿಲಾನ್ (ಕಣ್ಣುಮುಚ್ಚಿ ಆಕ್ಷನ್ ಆರಿಸುವ ಪ್ರಮಾಣ) ಸೊನ್ನೆ ಇಟ್ಟರೆ ಏಜೆಂಟ್ (ಕಲಿಯುವ ಪ್ರೋಗ್ರಾಂ) ಹೊಸದೇನನ್ನೂ ಹುಡುಕುವುದಿಲ್ಲ ಎಂಬ ಮಾತೂ ಬಂತು. ಈಗ ಬರೀ 1944 ವೆಯ್ಟ್‌ಗಳು (ಕಲಿಕೆಯಲ್ಲಿ ತಿದ್ದುವ ಸಂಖ್ಯೆಗಳು), ಮಾಮೂಲಿ ಲ್ಯಾಪ್‌ಟಾಪ್, ಎಪ್ಸಿಲಾನ್ ಪೂರ್ತಿ ಸೊನ್ನೆ. ಕಾರು ಸರಾಸರಿ 110 ಹೆಜ್ಜೆಯ ಆಸುಪಾಸಿನಲ್ಲಿ ಬಾವುಟ ಮುಟ್ಟುತ್ತಿದೆ.

ದುಡ್ಡು ಎಲ್ಲಿ ಸೋರುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಬಾಡಿಗೆ ಜಿಪಿಯುಗೆ ಗಂಟೆ ಲೆಕ್ಕದಲ್ಲಿ ಬಿಲ್ ಏರುತ್ತದೆ, ಆದರೆ 64-64ರ ಎರಡು ಪದರದ ಡಿಕ್ಯೂಎನ್‌ನಲ್ಲಿ (ಡೀಪ್ ನೆಟ್‌ವರ್ಕ್ ಬಳಸುವ ವಿಧಾನ) ಅದಕ್ಕೆ ಕೆಲಸವೇ ಇಲ್ಲ. ಎನ್ವಿರಾನ್‌ಮೆಂಟ್, ಅಂದರೆ ಆಟ, ಓಡುವುದು ಸಿಪಿಯು ಮೇಲೆ. 32ರ ಬ್ಯಾಚನ್ನು ಅತ್ತಿಂದಿತ್ತ ಸಾಗಿಸುವುದಕ್ಕೇ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕಣ್ಣುಮುಚ್ಚಿ ಆಕ್ಷನ್ ಆರಿಸುವ ಕಾರು 200 ಹೆಜ್ಜೆಯ ಮಿತಿಯೊಳಗೆ ಗುರಿ ಮುಟ್ಟುವುದು ಇಲ್ಲವೆನ್ನುವಷ್ಟು ಅಪರೂಪ. ರೀಪ್ಲೇ ಬಫರ್ (ಹಳೆಯ ಅನುಭವಗಳ ಸಂಗ್ರಹ) ತುಂಬ -1, ಎಪಿಸೋಡ್‌ಗಳೆಲ್ಲ (ಆಟದ ಒಂದೊಂದು ಸುತ್ತು) -200. ಕಲಿಯಲು ವ್ಯತ್ಯಾಸವೇ ಇಲ್ಲದ ಡೇಟಾಗೆ ದುಡ್ಡು ಸುರಿದಂತಾಗುತ್ತದೆ.

ವೇಗಕ್ಕೆ ಬೋನಸ್ ಕೊಡುವ ಉಪಾಯವೂ ಕೈಕೊಡುತ್ತದೆ. ಗುರಿ ಮುಟ್ಟಿದರೆ ಎಪಿಸೋಡ್ ಮುಗಿದು ಬೋನಸ್ ನಿಲ್ಲುತ್ತದಲ್ಲ, ಹಾಗಾಗಿ ಏಜೆಂಟ್ ಕಣಿವೆಯಲ್ಲೇ ಹಿಂದೆ ಮುಂದೆ ಓಡಾಡಿಕೊಂಡು ಇದ್ದುಬಿಡುತ್ತದೆ. ಶೇಪಿಂಗ್ (ಇಂಥ ಹೆಚ್ಚುವರಿ ಬೋನಸ್) ಬೇಕೇ ಬೇಕೆಂದರೆ 1999ರಲ್ಲಿ ಎಂಗ್, ಹರಾಡಾ, ರಸೆಲ್ ತೋರಿಸಿದ ಪೊಟೆನ್ಷಿಯಲ್ ವ್ಯತ್ಯಾಸದ (ಪ್ರತಿ ಸ್ಥಿತಿಗೂ ಒಂದು ಅಂಕ ಇಟ್ಟು, ಮುಂದಿನದಕ್ಕೂ ಹಿಂದಿನದಕ್ಕೂ ಇರುವ ವ್ಯತ್ಯಾಸ) ರೂಪದಲ್ಲೇ ಕೊಡಿ. ಅದು ಅತ್ಯುತ್ತಮ ಪಾಲಿಸಿಯನ್ನು (ಆಕ್ಷನ್ ಆರಿಸುವ ರೀತಿಯನ್ನು) ಬದಲಿಸುವುದಿಲ್ಲ. ನನಗೆ ಅದರ ಅಗತ್ಯ ಬೀಳಲಿಲ್ಲ.

ನನ್ನ ಜೋಡಣೆ ಹೀಗಿದೆ: 8 ಟೈಲಿಂಗ್, ಒಂದೊಂದರಲ್ಲೂ 9×9 ಚೌಕ, 3 ಆಕ್ಷನ್ (ಎಡಕ್ಕೆ ತಳ್ಳು, ಸುಮ್ಮನಿರು, ಬಲಕ್ಕೆ ತಳ್ಳು). ಅಕ್ಷಕ್ಕೆ 8 ಭಾಗ, ಸರಿಸುವುದಕ್ಕೆಂದು ಒಂದು ಹೆಚ್ಚುವರಿ. ಟೈಲಿಂಗ್‌ಗಳನ್ನು ಎರಡೂ ಅಕ್ಷದಲ್ಲಿ ಒಂದೇ ಅಳತೆಗೆ ಸರಿಸಬೇಡಿ, ಕರ್ಣದ ದಿಕ್ಕಿನಲ್ಲಿ ಪಟ್ಟೆ ಬೀಳುತ್ತದೆ. 1 ಮತ್ತು 3ರ ಪ್ರಮಾಣ ಚೆನ್ನಾಗಿ ಹೊಂದುತ್ತದೆ. ಆಲ್ಗಾರಿದಮ್ ಸಾರ್ಸಾ (ತಾನೇ ಆರಿಸಿದ ಮುಂದಿನ ಆಕ್ಷನ್‌ನ ಮೌಲ್ಯದಿಂದ ಕಲಿಯುವುದು), ಗಾಮಾ (ಮುಂದಿನ ಅಂಕಗಳಿಗೆ ಕೊಡುವ ತೂಕ) 1, ಆಲ್ಫಾ (ಒಂದು ಸಲಕ್ಕೆ ತಿದ್ದುವ ಪ್ರಮಾಣ) 0.3ನ್ನು 8ರಿಂದ ಭಾಗಿಸಿದಷ್ಟು. ಭಾಗಿಸದೆ ಬಿಟ್ಟರೆ ಏಕಕಾಲಕ್ಕೆ 8 ವೆಯ್ಟ್ ಜಿಗಿದು ಮೌಲ್ಯಗಳು (ಮುಂದೆ ಸಿಗುವ ಒಟ್ಟು ಅಂಕದ ಅಂದಾಜು) ಹುಚ್ಚೆದ್ದು ಕುಣಿಯುತ್ತವೆ.

ಎಪ್ಸಿಲಾನ್ ಸೊನ್ನೆ ಇದ್ದರೂ ನಡೆಯುವುದು ವೆಯ್ಟ್‌ಗಳೆಲ್ಲ ಸೊನ್ನೆಯಿಂದ ಶುರುವಾಗುವುದರಿಂದ. ಇಲ್ಲಿ ನಿಜವಾದ ಮೌಲ್ಯಗಳೆಲ್ಲ ಋಣಾತ್ಮಕ, ಹಾಗಾಗಿ ಸೊನ್ನೆ ಎಂದರೆ ಅತಿ ಆಶಾವಾದ. ಎಡಕ್ಕೆ ತಳ್ಳಿದರೆ ಅದರ ಮೌಲ್ಯ ಸ್ವಲ್ಪ ಇಳಿಯುತ್ತದೆ, ತಕ್ಷಣ ಬಲ ಮೇಲಾಗಿ ಕಾಣುತ್ತದೆ. ಮೂರೂ ಇಳಿದ ಮೇಲೆ ಇನ್ನೂ ಮುಟ್ಟದ ಚೌಕ ಎಳೆಯುತ್ತದೆ. ಒಂದು ಎಚ್ಚರಿಕೆ: ಪೈಥಾನ್‌ನ ನಂಪೈ ಲೈಬ್ರರಿಯ ಆರ್ಗ್‌ಮ್ಯಾಕ್ಸ್ (ಅತಿ ದೊಡ್ಡ ಮೌಲ್ಯ ಎಲ್ಲಿದೆ ಎಂದು ಹೇಳುವ ಫಂಕ್ಷನ್) ಸಮಬಲ ಬಂದಾಗಲೆಲ್ಲ ಮೊದಲನೆಯದನ್ನೇ, ಅಂದರೆ ಎಡವನ್ನೇ ಕೊಡುತ್ತದೆ. ಸಮಬಲವನ್ನು ರ್‍ಯಾಂಡಮ್ ಆಗಿ ಬಿಡಿಸಿ.

ಹೆಚ್ಚಿನವರ ಕೋಡ್ ಕೆಡುವುದು 200ನೇ ಹೆಜ್ಜೆಯಲ್ಲಿ. ಅಲ್ಲಿ ಎಪಿಸೋಡ್ ಕತ್ತರಿಸಿದ್ದನ್ನು ಗುರಿ ಮುಟ್ಟಿದ ಹಾಗೆ ಲೆಕ್ಕ ಹಾಕಿದರೆ, ಕಣಿವೆಯ ತಳದಲ್ಲಿ ನಿಂತಿದ್ದ ಕಾರಿನ ಟಾರ್ಗೆಟ್ (ಮೌಲ್ಯವನ್ನು ಯಾವುದರತ್ತ ತಿದ್ದಬೇಕೋ ಆ ಸಂಖ್ಯೆ) ಬರೀ -1 ಆಗುತ್ತದೆ. ಆ ಚೌಕದ ನಿಜ ಬೆಲೆ -100ಕ್ಕಿಂತ ಕೆಳಗೆ. ತಳದಲ್ಲಿರುವುದೂ ಬಾವುಟ ಮುಟ್ಟುವುದೂ ಒಂದೇ ಎಂದು ಏಜೆಂಟ್ ಕಲಿಯುತ್ತದೆ. ಜಿಮ್ನೇಸಿಯಮ್ ಲೈಬ್ರರಿ ಟರ್ಮಿನೇಟೆಡ್ (ನಿಜಕ್ಕೂ ಮುಗಿದದ್ದು), ಟ್ರಂಕೇಟೆಡ್ (ಮಿತಿಗೆ ಕತ್ತರಿಸಿದ್ದು) ಎಂದು ಎರಡನ್ನು ಬೇರೆ ಬೇರೆಯಾಗಿ ಕೊಡುವುದು ಇದಕ್ಕೇ: ಟ್ರಂಕೇಟೆಡ್ ಆದಾಗ ಮುಂದಿನ ಸ್ಥಿತಿಯ ಮೌಲ್ಯವನ್ನು ಟಾರ್ಗೆಟ್‌ಗೆ ಕೂಡಿಸಲೇಬೇಕು. ನಾನಂತೂ ಕಲಿಕೆಯ ವೇಳೆ ಮಿತಿಯನ್ನು ಕೆಲವು ಸಾವಿರಕ್ಕೆ ಏರಿಸಿ, ಪರೀಕ್ಷೆಯಲ್ಲಿ ಮಾತ್ರ 200 ಇಡುತ್ತೇನೆ.

ಇದೇ ಕೋಡನ್ನು ಕಾರ್ಟ್‌ಪೋಲ್ (ಗಾಡಿಯ ಮೇಲಿನ ಕೋಲು ಬೀಳದಂತೆ ನೋಡಿಕೊಳ್ಳುವ ಆಟ) ಮೇಲೂ ಬಿಟ್ಟು ನೋಡಿದೆ. ನಾಲ್ಕು ಆಯಾಮ, ಎರಡು ಆಕ್ಷನ್, ಹಾಗಾಗಿ ವೆಯ್ಟ್‌ಗಳು ಒಂದು ಲಕ್ಷ ದಾಟುತ್ತವೆ. ಎರಡು ವೇಗಗಳಿಗೆ ಮಿತಿಯಿಲ್ಲ, ±3ರ ಹತ್ತಿರ ಕತ್ತರಿಸಬೇಕು. ಸ್ವಾರಸ್ಯ ಇರುವುದು ಸೊನ್ನೆಯಲ್ಲಿ: ಇಲ್ಲಿ ಪ್ರತಿ ಹೆಜ್ಜೆಗೂ +1, ಆದ್ದರಿಂದ ಅದೇ ಸೊನ್ನೆ ನಿರಾಶಾವಾದವಾಗುತ್ತದೆ. ಮೊದಲು ಆರಿಸಿದ ಆಕ್ಷನ್ನೇ ಮೇಲೆ ಕೂತು, ಹುಡುಕಾಟ ನಿಂತುಹೋಗುತ್ತದೆ. ಗಾಮಾ 0.99 ಇದ್ದರೆ ಮೌಲ್ಯದ ಗರಿಷ್ಠ 100. ಅದನ್ನು 8 ಟೈಲಿಂಗ್‌ಗೆ ಹಂಚಿ ಪ್ರತಿ ವೆಯ್ಟನ್ನೂ 12.5ರಿಂದ ಶುರು ಮಾಡಿದರೆ ಎಪ್ಸಿಲಾನ್ ಇಲ್ಲದೆಯೇ ಮತ್ತೆ ಹುಡುಕುತ್ತದೆ. ಆದರೆ ಅಷ್ಟೊಂದು ಚೌಕಗಳ ಆಶಾವಾದ ಇಳಿಯುವವರೆಗೆ ಕಾಯಬೇಕು, ತಾಳ್ಮೆ ಬೇಕು.

ಮತ್ತೆ ಗುಡ್ಡಕ್ಕೆ ಬಂದರೆ, ಎಲಿಜಿಬಿಲಿಟಿ ಟ್ರೇಸ್ (ಈಚೆಗೆ ಹಾದುಬಂದ ಚೌಕಗಳಿಗೂ ಕಲಿಕೆಯನ್ನು ಹಂಚುವ ಗುರುತು) ಸೇರಿಸಿದ್ದು ಬಹಳ ಲಾಭ ತಂದಿತು. ಲ್ಯಾಂಬ್ಡಾ (ಆ ಗುರುತು ಮಾಸುವ ಪ್ರಮಾಣ) 0.9, ರಿಪ್ಲೇಸಿಂಗ್ ಬಗೆಯದು, ಅಂದರೆ ಚೌಕಕ್ಕೆ ಮತ್ತೆ ಬಂದಾಗ ಗುರುತು 1ಕ್ಕೆ ಮರಳುತ್ತದೆ. ಅಕ್ಯುಮುಲೇಟಿಂಗ್ (ಕೂಡಿಸುತ್ತ ಹೋಗುವ) ಬಗೆಯದು ಒಂದೇ ಚೌಕದಲ್ಲಿ ಸುಳಿದಾಡುವಾಗ ಬೆಳೆಯುತ್ತಲೇ ಹೋಗುತ್ತದೆ, ಆಲ್ಫಾ ಇಳಿಸದಿದ್ದರೆ ವೆಯ್ಟ್‌ಗಳು ಸ್ಫೋಟಿಸುತ್ತವೆ. ಆಲ್ಫಾವನ್ನು ಯಾವ ಹಂತದಲ್ಲಿ ಎಷ್ಟು ಇಳಿಸುತ್ತೇನೆ ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ; ಕೊನೆಯ ಹತ್ತು ಹೆಜ್ಜೆ ಉಳಿತಾಯವಾದದ್ದು ಅಲ್ಲೇ.

ನೆನಪಿನ ಲೆಕ್ಕದಲ್ಲಿ ಮೊದಲ ಎಪಿಸೋಡ್ ಸಾವಿರ ಹೆಜ್ಜೆಯ ಹತ್ತಿರ, ನೂರರ ಹೊತ್ತಿಗೆ 200ರ ಕೆಳಗೆ, ಐನೂರರ ಹೊತ್ತಿಗೆ ಸ್ಥಿರ. ಎಲ್ಲ ಸೇರಿ ಒಂದೆರಡು ನಿಮಿಷ. ಹೋಲಿಸಿ ನೋಡುವವರು ಹಲವು ಸೀಡ್‌ಗಳಲ್ಲಿ (ಯಾದೃಚ್ಛಿಕತೆಯ ಆರಂಭಸಂಖ್ಯೆಗಳು) ಓಡಿಸಿ, ಆಲ್ಫಾ ಸೊನ್ನೆ ಮಾಡಿ 100 ಎಪಿಸೋಡ್ ಅಳೆಯಿರಿ. ಆರಂಭದ ಜಾಗ -0.6ರಿಂದ -0.4ರವರೆಗೆ ಬದಲಾಗುತ್ತದೆ, ಯಾವುದೋ ಒಂದು ಜಾಗದಿಂದ ಮಾತ್ರ ಕಾರು ಸಿಕ್ಕಿಬೀಳುತ್ತಿದ್ದರೆ ಪಟ್ಟಿಯಲ್ಲಿ ಒಂದು -200 ಕಾಣುವ ಸಾಧ್ಯತೆ ಹೆಚ್ಚು.