ಸಿಎಚ್50 ಸೊನ್ನೆ ಬಂದಾಗ ನಾನು ಮಾಡಿದ್ದು

ಟ್ಯೂಬಿನ ತಳದಲ್ಲಿ ಪುಟ್ಟ ಕೆಂಪು ಗುಂಡಿಯ ಹಾಗೆ ಕೂತ ರಕ್ತಕಣಗಳು. ಮೇಲೆ ತಿಳಿ ನೀರು. ಪಕ್ಕದ ಕಂಟ್ರೋಲ್ ಟ್ಯೂಬ್ ಮಾತ್ರ ಚೆನ್ನಾಗಿ ಕೆಂಪಾಗಿತ್ತು.

ಎರಡನೇ ಸಲ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಆಗಿದ್ದ ಹುಡುಗನ ಸ್ಯಾಂಪಲ್ ಅದು. ಸಿಎಚ್50 ಎಂಬ ಈ ಟೆಸ್ಟಿನಲ್ಲಿ ಆಂಟಿಬಾಡಿ ಅಂಟಿಸಿದ ಕುರಿಯ ರಕ್ತಕಣಗಳಿಗೆ ರೋಗಿಯ ಸೀರಮ್ ಬೆರೆಸಿ 37 ಡಿಗ್ರಿಯಲ್ಲಿ ಇಡುತ್ತೇವೆ. ಸೋಂಕಿನ ವಿರುದ್ಧ ಹೋರಾಡುವ, ಸಿ1ರಿಂದ ಸಿ9ರವರೆಗೆ ಹೆಸರಿರುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಸರಿಯಿದ್ದರೆ ಕಣಗಳು ಒಡೆದು ನೀರು ಕೆಂಪಾಗುತ್ತದೆ. ಸಿ9 ಇಲ್ಲದಿದ್ದರೆ ಅಲ್ಪಸ್ವಲ್ಪ ಒಡೆಯಬಹುದು. ಸಿ1ರಿಂದ ಸಿ8ರವರೆಗೆ ಯಾವುದೇ ಒಂದು ಪೂರ್ತಿ ಇಲ್ಲದಿದ್ದರೆ ಸೊನ್ನೆ, ಇಲ್ಲವೇ ಅದರ ಹತ್ತಿರ.

ನಾನು ರಿಪೋರ್ಟ್ ಬರೆಯಲಿಲ್ಲ. ಯಾಕಂದ್ರೆ ನಾನು ಕಂಡ ಸೊನ್ನೆಗಳಲ್ಲಿ ಜಾಸ್ತಿ ಪಾಲು ರೋಗಿಯದ್ದಲ್ಲ, ಸ್ಯಾಂಪಲ್ಲಿನದ್ದು. ಈ ಪ್ರೋಟೀನುಗಳು ತುಂಬಾ ನಾಜೂಕು. 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಕೆಲಸವೇ ನಿಂತುಹೋಗುತ್ತದೆ. ರೂಮಿನಲ್ಲಿ ಸುಮ್ನೆ ಇಟ್ಟರೂ ಗಂಟೆಗಂಟೆಗೆ ಕುಗ್ಗುತ್ತದೆ. ವಿಚಾರಿಸಿದಾಗ ಆ ಟ್ಯೂಬ್ ರಾತ್ರಿಯಿಡೀ ಮೇಜಿನ ಮೇಲಿತ್ತು ಅಂತ ಗೊತ್ತಾಯಿತು.

ಹಾಗಂತ ಸ್ಯಾಂಪಲ್ ಕೆಟ್ಟಿದೆ ಎಂದು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಮೆನಿಂಜೈಟಿಸ್ ಎರಡು ಸಲ ಬಂದಿದೆ ಅಲ್ವಾ? ಈ ಪ್ರೋಟೀನುಗಳ ಕೊರತೆ ಇದ್ದವರಿಗೆ ಅದು ಮತ್ತೆ ಮತ್ತೆ ಬರಬಹುದು. ಡಾಕ್ಟರಿಗೆ ಫೋನ್ ಮಾಡಿ, "ಮೇಡಂ, ಇನ್ನೊಂದು ಸಲ ರಕ್ತ ಬೇಕು, ತೆಗೆಯುವಾಗ ನಾನೇ ಬರ್ತೀನಿ" ಅಂದೆ.

ಜೆಲ್ ಇಲ್ಲದ ಸಾದಾ ಟ್ಯೂಬಿನಲ್ಲಿ ತೆಗೆಸಿದೆ. ರೂಮಿನ ತಾಪದಲ್ಲೇ ಹೆಪ್ಪುಗಟ್ಟಲು ಬಿಟ್ಟೆ, ಸೆಂಟ್ರಿಫ್ಯೂಜ್ ಮಾಡಿದೆ, ಸೀರಮ್ಮನ್ನು ಚಿಕ್ಕ ಚಿಕ್ಕ ಟ್ಯೂಬುಗಳಿಗೆ ಹಂಚಿ ತಕ್ಷಣ ಮೈನಸ್ 70ಕ್ಕೆ ಸೇರಿಸಿದೆ. ಹಂಚಿಡುವುದು ಮುಖ್ಯ. ಕರಗಿಸಿ ಮತ್ತೆ ಫ್ರೀಜ್ ಮಾಡಿದರೆ ಫಲಿತಾಂಶ ನಂಬುವ ಹಾಗಿಲ್ಲ. ಮೈನಸ್ 20 ಕೂಡ ಸಾಲದು.

ಮತ್ತೆ ಅದೇ ಕೆಂಪು ಗುಂಡಿ, ಅದೇ ತಿಳಿ ನೀರು.

ಈಗ ಎಎಚ್50 ಎಂಬ ಇನ್ನೊಂದು ಟೆಸ್ಟ್ ಮಾಡಿದೆ. ಕಾಂಪ್ಲಿಮೆಂಟ್ ಕೆಲಸ ಶುರುವಾಗಲು ಬೇರೆ ಬೇರೆ ದಾರಿಗಳಿವೆ. ಸಿಎಚ್50 ನೋಡುವುದು ಕ್ಲಾಸಿಕಲ್ ದಾರಿ; ಇದರಲ್ಲಿ ಮೊಲದ ರಕ್ತಕಣ ಬಳಸಿ ಆಲ್ಟರ್ನೇಟಿವ್ ದಾರಿಯನ್ನು ನೋಡುತ್ತೇವೆ. ಸಿಎಚ್50 ಮಾತ್ರ ಸೊನ್ನೆಯಾದರೆ ಸಿ1, ಸಿ2, ಸಿ4ರ ಮೇಲೆ ಅನುಮಾನ. ಎಎಚ್50 ಮಾತ್ರ ಕಡಿಮೆಯಾದರೆ ಆ ದಾರಿಯ ಪ್ರೋಟೀನುಗಳಾದ ಫ್ಯಾಕ್ಟರ್ ಬಿ, ಫ್ಯಾಕ್ಟರ್ ಡಿ ಅಥವಾ ಪ್ರಾಪರ್ಡಿನ್. ಇಲ್ಲಿ ಎರಡೂ ಸೊನ್ನೆ. ಹಾಗಾದರೆ ಎರಡು ದಾರಿಗೂ ಬೇಕಾದ ಸಿ3, ಇಲ್ಲವೇ ಅದರ ಮುಂದಿನವು. ಸಿ3 ಸರಿಯಾಗಿತ್ತು. ಉಳಿದದ್ದು ಸಿ5ರಿಂದ ಆಚೆಗೆ.

ಶುದ್ಧ ಪ್ರೋಟೀನುಗಳನ್ನು ಬೇರೆ ಬೇರೆ ಟ್ಯೂಬಿನಲ್ಲಿ ಒಂದೊಂದಾಗಿ ಅವನ ಸೀರಮ್ಮಿಗೆ ಸೇರಿಸುತ್ತಾ ಹೋದೆ. ಸಿ5 ಹಾಕಿದ್ದರಲ್ಲಿ ಏನೂ ಆಗಲಿಲ್ಲ. ಸಿ6 ಹಾಕಿದ ಟ್ಯೂಬ್ ಕೆಂಪಾಯಿತು. ಅಂದರೆ ಅವನಲ್ಲಿ ಇಲ್ಲದಿದ್ದದ್ದು ಸಿ6. ಅದನ್ನು ಬೆಳಕಿಗೆ ಹಿಡಿದು ನೋಡುವಾಗ ನನ್ನ ಕೈ ಸಣ್ಣಗೆ ನಡುಗುತ್ತಿತ್ತು.

ಇದು ತಂದೆ ತಾಯಿ ಇಬ್ಬರಿಂದಲೂ ಬರುವ ಕೊರತೆ. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಅದಕ್ಕೇ ಅವನ ತಂಗಿಯ ರಕ್ತವನ್ನೂ ಕೇಳಿದೆವು. ಒಂದು ದಿನವೂ ಆಸ್ಪತ್ರೆ ಸೇರಿದವಳಲ್ಲ. ಅವಳ ಟ್ಯೂಬಿನಲ್ಲೂ ಕೆಂಪು ಗುಂಡಿ ಹಾಗೇ ಕೂತಿತ್ತು. ಈ ಕೊರತೆ ಇದ್ದವರಿಗೆ ಮೆನಿಂಜೈಟಿಸ್ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾದ ಅಪಾಯ ಹೆಚ್ಚು, ಹಾಗಾಗಿ ಅದೇ ವಾರ ಅಣ್ಣ ತಂಗಿ ಇಬ್ಬರಿಗೂ ಮೆನಿಂಗೊಕಾಕಲ್ ಲಸಿಕೆ ಶುರುವಾಯಿತು.