ಟೆಕ್ಸಾಸ್‌ನಲ್ಲಿ ಪಿಸ್ತೂಲು ಪರವಾನಗಿ: ನಾನು ಪಡೆದ ಬಗೆ

2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಅರ್ಹತೆಯಿರುವವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಹಾಗಿದ್ದೂ ನಾನು ತರಗತಿಗೆ ಕುಳಿತು, ಗುರಿ ಪರೀಕ್ಷೆ ಮುಗಿಸಿ, ಬೆರಳಚ್ಚು ಕೊಟ್ಟು ಪರವಾನಗಿ ಪಡೆದೆ. ಹ್ಯೂಸ್ಟನ್ ಹೊರವಲಯದ ಔಷಧದಂಗಡಿಯಲ್ಲಿ ನನ್ನ ಕೆಲಸ. ಬಾಗಿಲು ಹಾಕಿ ಹೊರಡುವಾಗ ರಾತ್ರಿ ಹತ್ತು ದಾಟಿರುತ್ತದೆ, ಮನೆಯ ದಾರಿ ನಿರ್ಜನ. ಪಿಸ್ತೂಲು ಬೇಕೆಂದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಕಾನೂನೇ ಕೇಳದಿರುವ ಕಾಗದಕ್ಕಾಗಿ ಇಷ್ಟು ಓಡಾಟ ಏಕೆ ಎಂದು ಮಾತ್ರ ಎಲ್ಲರೂ ಕೇಳಿದರು.

ಉತ್ತರ ಸರಳವಾಗಿದೆ. ಕಾನೂನು ಕೈಬಿಟ್ಟಿರುವುದು ಕಾಗದವನ್ನು, ಅರ್ಹತೆಯನ್ನಲ್ಲ. ಕಾಗದವಿಲ್ಲದೆ ಒಯ್ಯುವವರು ತಾವು ಅರ್ಹರೋ ಅಲ್ಲವೋ ಎಂಬುದನ್ನು ತಾವೇ ತೀರ್ಮಾನಿಸಿಕೊಳ್ಳಬೇಕು. ಆ ತೀರ್ಮಾನ ತಪ್ಪಾದರೆ ಅದು ಅಪರಾಧ. ಅಮೆರಿಕದ ಪೌರರಾದರೆ ಶಿಕ್ಷೆ ಅನುಭವಿಸಿ ಮನೆಗೆ ಮರಳುತ್ತಾರೆ. ಗ್ರೀನ್ ಕಾರ್ಡಿನ (ಕಾಯಂ ವಾಸದ ಅನುಮತಿಯ) ಮೇಲಿರುವ ನಮ್ಮಂಥವರಿಗೆ ಬಂದೂಕಿನ ಅಪರಾಧವೊಂದು ಸಾಬೀತಾದರೆ ದೇಶದಿಂದಲೇ ಹೊರಹಾಕಲು ವಲಸೆ ಕಾನೂನಿನಲ್ಲಿ ಅವಕಾಶವಿದೆ. ನನ್ನ ಹಿನ್ನೆಲೆಯನ್ನು ಸರ್ಕಾರವೇ ತಡಕಾಡಿ ‘ಅಡ್ಡಿಯಿಲ್ಲ’ ಎಂದು ಬರೆದುಕೊಡಲಿ ಎಂಬುದೇ ನಾನು ಅರ್ಜಿ ಹಾಕಲು ಕಾರಣ.

ಎಚ್-1ಬಿ (ಉದ್ಯೋಗ), ಎಫ್-1 (ವಿದ್ಯಾರ್ಥಿ) ಮುಂತಾದ ತಾತ್ಕಾಲಿಕ ವೀಸಾಗಳ ಮೇಲೆ ಬಂದಿರುವ ಗೆಳೆಯರು ಈ ಮಾತನ್ನು ದಯವಿಟ್ಟು ಗಮನವಿಟ್ಟು ಓದಬೇಕು. ವಲಸೆಯೇತರ ವೀಸಾದಲ್ಲಿ ದೇಶದೊಳಗೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಒಕ್ಕೂಟ ಸರ್ಕಾರದ ಕಾನೂನು ನಿಷೇಧಿಸುತ್ತದೆ. ಯಾವುದಾದರೊಂದು ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿ ಉಂಟು, ಇನ್ನೂ ಕೆಲವು ಸಣ್ಣ ವಿನಾಯಿತಿಗಳಿವೆ, ಅಷ್ಟೆ. ವಾರಾಂತ್ಯದಲ್ಲಿ ಗುಂಡು ಹಾರಿಸುವ ಮೈದಾನಕ್ಕೆ ಹೋಗಿ, ಬಾಡಿಗೆ ಪಿಸ್ತೂಲು ಹಿಡಿದು ಫೋಟೊ ತೆಗೆಸಿಕೊಳ್ಳುವುದು ನಮ್ಮ ಹುಡುಗರಲ್ಲಿ ಮಾಮೂಲಾಗಿಬಿಟ್ಟಿದೆ. ಬಾಡಿಗೆಗೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದರೂ ಈ ನಿಷೇಧ ತಟ್ಟುತ್ತದೆ. ವರ್ಷಗಟ್ಟಲೆ ಗ್ರೀನ್ ಕಾರ್ಡಿಗಾಗಿ ಕಾಯುತ್ತಿರುವವರು ಒಂದು ಫೋಟೊದ ಆಸೆಗೆ ಇಂಥ ಅಪಾಯ ತಂದುಕೊಳ್ಳಬಾರದು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಈ ಅಡ್ಡಿ ಇರುವುದಿಲ್ಲ.

ಉಳಿದ ಅರ್ಹತೆಗಳನ್ನು ಅರ್ಜಿ ತುಂಬುವ ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಕಾಯ್ದೆಯ ಪ್ರಕಾರ 21 ವರ್ಷ ತುಂಬಿರಬೇಕು. 2022ರ ನ್ಯಾಯಾಲಯದ ತೀರ್ಪೊಂದರ ನಂತರ 18 ತುಂಬಿದವರೂ ಅರ್ಜಿ ಹಾಕಬಹುದಾಗಿದೆ. ಘೋರ ಅಪರಾಧದಲ್ಲಿ ಶಿಕ್ಷೆಯಾಗಿರಬಾರದು. ಕಳೆದ ಐದು ವರ್ಷಗಳಲ್ಲಿ ಎ ಅಥವಾ ಬಿ ದರ್ಜೆಯ ಸಣ್ಣ ಅಪರಾಧವೂ ಸಾಬೀತಾಗಿರಬಾರದು. ಮೊದಲ ಸಲ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದದ್ದು ಬಿ ದರ್ಜೆಯಲ್ಲೇ ಬರುತ್ತದೆ. ಸಾಬೀತಾಗದೆ ಆರೋಪ ಮಾತ್ರ ಬಾಕಿ ಇದ್ದರೂ ಅರ್ಜಿಗೆ ಅಡ್ಡಿಯೇ. ಕೌಟುಂಬಿಕ ಹಿಂಸೆಯ ಪ್ರಕರಣ, ನ್ಯಾಯಾಲಯದ ರಕ್ಷಣಾ ಆದೇಶ, ಮಾದಕ ವಸ್ತುವಿನ ಚಟ, ವಿವೇಚನಾ ಶಕ್ತಿಗೆ ಕುಂದು ತರುವ ಕೆಲವು ಮಾನಸಿಕ ಕಾಯಿಲೆಗಳ ಚರಿತ್ರೆ, ಇವೂ ತಡೆಯುತ್ತವೆ. ಮಕ್ಕಳ ಜೀವನಾಂಶ ಬಾಕಿ ಉಳಿಸಿಕೊಂಡವರಿಗೂ ತೆರಿಗೆ ಬಾಕಿ ಇರುವವರಿಗೂ ಕೊಡುವುದಿಲ್ಲ ಎಂಬುದನ್ನು ಓದಿದಾಗ ನನಗೆ ಮೆಚ್ಚುಗೆಯಾಯಿತು. ಹೆತ್ತ ಮಕ್ಕಳ ಹೊಣೆ ಹೊರದವರಿಗೆ ಈ ಹೊಣೆಯನ್ನು ಒಪ್ಪಿಸಬಾರದು.

ನಾನು ಕೊಡಗಿನವಳು. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಒರೆಸಿ ಇಟ್ಟ ತೋಕಿನ (ಬಂದೂಕಿನ) ನಳಿಗೆಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವುದನ್ನು ಚಿಕ್ಕಂದಿನಿಂದ ಕಂಡವಳು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಬಂದೂಕು ನನಗೆ ಹೊಸದಲ್ಲವಾದರೂ ಬಂದೂಕು ಹಿಡಿದು ಪರರ ನಡುವೆ ಓಡಾಡುವುದು ಹೊಸದೇ ಆಗಿತ್ತು. ಅಲ್ಲಿ ಅದು ಗೋಡೆಯ ಮೇಲಿರುತ್ತದೆ. ಇಲ್ಲಿ ಸೊಂಟದಲ್ಲಿಟ್ಟುಕೊಂಡು ಹಾಲು ತರಲು ಅಂಗಡಿಗೆ ಹೋಗುತ್ತೇವೆ.

ಆದ್ದರಿಂದಲೇ ತರಗತಿ ನನಗೆ ಬಹಳ ಉಪಯೋಗಕ್ಕೆ ಬಂತು. ನಾಲ್ಕರಿಂದ ಆರು ಗಂಟೆಗಳಷ್ಟು ಅವಧಿಯ ಪಾಠವನ್ನು ಆನ್‌ಲೈನಿನಲ್ಲೂ ಮುಗಿಸಬಹುದು. ನಾನು ಎದುರು ಕುಳಿತು ಕೇಳುವ ತರಗತಿಯನ್ನೇ ಆರಿಸಿಕೊಂಡೆ. ಪಾಠದಲ್ಲಿ ಏನಿರಬೇಕೆಂದು ಕಾಯ್ದೆಯೇ ಹೇಳಿದೆ: ಆಯುಧ ಮತ್ತು ಮಾರಕ ಬಲಪ್ರಯೋಗದ ಕಾನೂನು, ಪಿಸ್ತೂಲಿನ ಬಳಕೆ ಮತ್ತು ಸುರಕ್ಷತೆ, ಜಗಳವನ್ನು ಹೊಡೆದಾಟವಿಲ್ಲದೆ ಮುಗಿಸುವ ದಾರಿ, ಮಕ್ಕಳ ಕೈಗೆ ಸಿಗದಂತೆ ಇಡುವ ಕ್ರಮ. ಮೂರನೆಯದಕ್ಕೆ ನಮ್ಮ ಬೋಧಕರು ಹೆಚ್ಚು ಸಮಯ ಕೊಟ್ಟರು. ಸೊಂಟದಲ್ಲಿ ಪಿಸ್ತೂಲು ಇದ್ದಾಗ ರಸ್ತೆಯ ಮೇಲೆ ಯಾರೋ ಬೈದರೆ ತಿರುಗಿ ಬೈಯುವ ಸ್ವಾತಂತ್ರ್ಯ ನಿಮಗಿಲ್ಲ, ತಲೆ ತಗ್ಗಿಸಿ ಹೊರಟುಬಿಡಿ ಎಂದರು.

ಬರವಣಿಗೆ ಪರೀಕ್ಷೆಯಲ್ಲಿ ಶೇಕಡಾ 70 ಬಂದರೆ ಸಾಕು. ಗುರಿ ಪರೀಕ್ಷೆಯಲ್ಲಿ 50 ಗುಂಡು: ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10. ಒಟ್ಟು 250 ಅಂಕಗಳಲ್ಲಿ 175 ಬರಬೇಕು. ಮೂರು ಗಜ ಎಂದರೆ ಗುರಿಯ ಕಾಗದ ಮುಖಕ್ಕೇ ಬಂದಂತೆ ತೋರುತ್ತದೆ. ಅಲ್ಲಿ ಗುಂಡು ತಪ್ಪುವುದು ಕಷ್ಟ. ಹದಿನೈದು ಗಜಕ್ಕೆ ಹೋದಾಗ ಮಾತ್ರ ಉಸಿರು, ಬೆರಳು, ಕಣ್ಣು ಮೂರೂ ಒಂದಾಗಬೇಕಾಗುತ್ತದೆ. ಪಕ್ಕದ ಸಾಲಿನವರ ಪಿಸ್ತೂಲಿನಿಂದ ಸಿಡಿದ ಬಿಸಿ ಖಾಲಿ ತೋಟೆ ತೋಳಿಗೆ ಬಡಿಯಿತು. ಬೆಚ್ಚಿದರೂ ನಳಿಗೆಯನ್ನು ಗುರಿಯ ದಿಕ್ಕಿನಿಂದ ಕದಲಿಸಲಿಲ್ಲ. ಬೋಧಕರು ಅಂಕ ನೋಡುವುದಕ್ಕಿಂತ ಮೊದಲು ಗಮನಿಸುವುದು ಇದನ್ನೇ. ಪರೀಕ್ಷೆ ಮುಗಿದ ಮೇಲೆ ಎಲ್‌ಟಿಸಿ-100 ಎಂಬ ಪ್ರಮಾಣಪತ್ರ ಕೊಡುತ್ತಾರೆ.

ಅರ್ಜಿ ಹೋಗುವುದು ಟೆಕ್ಸಾಸ್‌ನ ಸಾರ್ವಜನಿಕ ಸುರಕ್ಷತಾ ಇಲಾಖೆಗೆ, ಅದೂ ಆನ್‌ಲೈನಿನಲ್ಲಿ. ಶುಲ್ಕ 40 ಡಾಲರ್. ಚಾಲನಾ ಪರವಾನಗಿಯ ವಿವರ, ಹಿಂದೆ ವಾಸವಿದ್ದ ವಿಳಾಸಗಳು, ಹಿನ್ನೆಲೆಯ ಪ್ರಶ್ನೆಗಳು, ಪೌರರಲ್ಲದವರಿಗೆ ವಲಸೆ ನೋಂದಣಿ ಸಂಖ್ಯೆ ಬೇಕು. ಬೆರಳಚ್ಚಿಗೆ ಬೇರೆಯಾಗಿ ಸಮಯ ಗೊತ್ತುಮಾಡಿಕೊಂಡು ಹೋಗಬೇಕು, ಅದರ ಶುಲ್ಕವೂ ಬೇರೆ. ನಮ್ಮವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಹೆಸರಿನ ವಿಷಯದಲ್ಲಿ. ಒಂದು ಕಾಗದದಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬರೀ ಇನಿಷಿಯಲ್. ಅರ್ಜಿ ತೆರೆಯುವ ಮೊದಲೇ ಗ್ರೀನ್ ಕಾರ್ಡ್, ಚಾಲನಾ ಪರವಾನಗಿ, ಸೋಷಿಯಲ್ ಸೆಕ್ಯುರಿಟಿ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿಕೊಂಡೆ. ಎಲ್ಲ ದಾಖಲೆಗಳೂ ತಲುಪಿದ ಮೇಲೆ ಸಾಮಾನ್ಯವಾಗಿ 60 ದಿನಗಳಲ್ಲಿ ಇಲಾಖೆ ತೀರ್ಮಾನಿಸಬೇಕು. ಕಾರ್ಡು ಅಂಚೆಯಲ್ಲಿ ಬರುತ್ತದೆ. ಮೊದಲ ಅವಧಿ ನಾಲ್ಕು ವರ್ಷ, ನವೀಕರಿಸಿದ ಮೇಲೆ ಐದು.

ಕಾರ್ಡು ಬಂದ ಮೇಲೆ ಬಾಗಿಲುಗಳ ಮೇಲಿನ ಫಲಕಗಳನ್ನು ಓದುವುದು ರೂಢಿಯಾಗಬೇಕು. 30.06 ಎಂಬ ಸಂಖ್ಯೆಯ ಫಲಕ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಒಂದಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ಇದ್ದರೆ ಪರವಾನಗಿ ಇರುವವರೂ ಮರೆಯಾಗಿಟ್ಟ ಪಿಸ್ತೂಲಿನೊಂದಿಗೆ ಒಳಗೆ ಹೋಗುವಂತಿಲ್ಲ. ಕಾಣುವಂತೆ ಒಯ್ಯುವುದನ್ನು ತಡೆಯುವ ಫಲಕದ ಸಂಖ್ಯೆ 30.07. ಕೆಂಪಕ್ಷರದ ‘51’ ಕಂಡರೆ ಅದು ಮುಖ್ಯವಾಗಿ ಮದ್ಯ ಮಾರಿ ಬದುಕುವ ಜಾಗ, ಅಲ್ಲೂ ನಿಷೇಧ. ಶಾಲೆ, ನ್ಯಾಯಾಲಯ, ಮತಗಟ್ಟೆಗಳ ಮಾತು ಹೇಳಬೇಕಾಗಿಯೇ ಇಲ್ಲ. ದೇವಸ್ಥಾನದ ಬಾಗಿಲಲ್ಲಿ ಫಲಕವಿಲ್ಲದಿದ್ದರೆ ಕಾನೂನು ತಡೆಯುವುದಿಲ್ಲ. ನಾನು ಮಾತ್ರ ಒಳಗೆ ಒಯ್ಯುವುದಿಲ್ಲ. ಪೊಲೀಸರು ಗಾಡಿ ನಿಲ್ಲಿಸಿ ಗುರುತಿನ ಚೀಟಿ ಕೇಳಿದರೆ, ಪಿಸ್ತೂಲು ಜೊತೆಗಿದ್ದಾಗ ಈ ಪರವಾನಗಿಯನ್ನೂ ತೋರಿಸಬೇಕು.

ನನ್ನ ಅಂಗಡಿಯ ಮಾಲೀಕರು ಒಳಗೆ ಬಂದೂಕು ತರಲು ಬಿಡುವುದಿಲ್ಲ, ಅದು ಅವರ ಹಕ್ಕು. ಆದರೆ ನೌಕರರು ತಮ್ಮ ಕಾರಿಗೆ ಬೀಗ ಹಾಕಿ ಅದರೊಳಗೆ ಇಟ್ಟುಕೊಳ್ಳುವುದನ್ನು ಸಾಮಾನ್ಯವಾಗಿ ತಡೆಯುವಂತಿಲ್ಲ ಎಂದು ರಾಜ್ಯದ ಕಾನೂನು ಹೇಳುತ್ತದೆ. ಕಾರಿನ ಆಸನದ ಕೆಳಗೆ ಉಕ್ಕಿನ ಪೆಟ್ಟಿಗೆ ಬಿಗಿಸಿಕೊಂಡಿದ್ದೇನೆ. ಮನೆಯಲ್ಲಿ ಅಂಕೆಯ ಬೀಗದ ಕಪಾಟು. 17 ತುಂಬದ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಬಿಟ್ಟರೆ ಅದು ಇಲ್ಲಿ ಅಪರಾಧ. ಮಗಳ ಗೆಳತಿಯರು ಆಟವಾಡಲು ಬರುವ ಮನೆ ನಮ್ಮದು. ಕಾನೂನು ಇಲ್ಲದಿದ್ದರೂ ನಾನು ಕಪಾಟು ತರುತ್ತಿದ್ದೆ.

ಈ ಕಾರ್ಡಿಗೆ ಎಲ್ಲ ರಾಜ್ಯಗಳಲ್ಲೂ ಬೆಲೆಯಿಲ್ಲ. ಲೂಸಿಯಾನ, ಒಕ್ಲಹೋಮಗಳಲ್ಲಿ ಮಾನ್ಯ. ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಗಳಲ್ಲಿ ಅಮಾನ್ಯ. ಅಕ್ಕನ ಮನೆ ನ್ಯೂಜೆರ್ಸಿಯಲ್ಲಿದೆ. ಅಲ್ಲಿಗೆ ಹೊರಡುವಾಗ ಪಿಸ್ತೂಲು ಕಪಾಟಿನಲ್ಲೇ ಉಳಿಯುತ್ತದೆ.